ಬಾವಿಕಟ್ಟೆಯ ಸೋಮವಾರ

ಕೊಯ್ದು ಮುಗಿದ ರಾಗಿಯ ಕೂಳೆಗೆ ಯಾರಾದರೂ ನೀರು ಹಾಯಿಸುತ್ತಾರೆಯೇ? ಜವರಪ್ಪ ಹಾಯಿಸುತ್ತಿದ್ದ. ಪಕ್ಕದಲ್ಲೇ ನನ್ನ ವೀಳ್ಯದೆಲೆ ತೋಟ ಒಣಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

ಈಗ ಮೈಸೂರಿಗೆ ಸೇರಿಹೋಗಿರುವ ನಮ್ಮ ದಟ್ಟಗಳ್ಳಿ ಆಗಿನ್ನೂ ಹಳ್ಳಿ. ಕರೆಂಟಿನ ಪಂಪು ಬಂದಿರಲಿಲ್ಲ. ಒಂದೇ ಬಾವಿ ನನಗೂ ಜವರಪ್ಪನಿಗೂ ಗುರುಮಲ್ಲಪ್ಪನಿಗೂ ಸೇರಿದ್ದು. ಸರದಿಯ ಮೇಲೆ ಎತ್ತು ಕಟ್ಟಿ, ಕಪಿಲೆ ಹೊಡೆದು ನೀರೆತ್ತಬೇಕು. ತನ್ನ ಸರದಿಗೆ ಎತ್ತು ಕಟ್ಟದವನ ಹಕ್ಕು ಹೋಯಿತು ಎಂದು ಹಿಂದಿನವರು ಮಾಡಿಟ್ಟ ಕಟ್ಟಳೆ. ಹಾಗಾಗಿ ಬೇಕೋ ಬೇಡವೋ ಎತ್ತು ಕಟ್ಟುವುದು, ಕಟ್ಟಿದ ಮೇಲೆ ಮಿಕ್ಕಿದ್ದು ಮತ್ತೊಬ್ಬನ ಪಾಲಾದೀತೆಂದು ಎಲ್ಲರೂ ಬಗ್ಗಡ ಬರುವ ತನಕ ಎತ್ತುವವರೇ. ಹೀಗೇ ನಡೆದಿದ್ದರೆ ಆ ಬೇಸಿಗೆಗೆ ಬಾವಿಯೂ ಬತ್ತುತ್ತಿತ್ತು, ಮೈಸೂರು ಮಾರುಕಟ್ಟೆಗೆ ಎಲೆ ಹೊತ್ತು ಬದುಕುವ ನನ್ನ ಕಥೆಯೂ ಮುಗಿಯುತ್ತಿತ್ತು.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವತ್ತೇ ಇಬ್ಬರನ್ನೂ ಬಾವಿಕಟ್ಟೆಗೆ ಕರೆದೆ.

“ಜವರಣ್ಣ, ನಾಳೆ ಸರದಿ ನಂಗೆ ಮಾರ್‌ಬುಡು. ಅಗಸೆ ಸೊಪ್ಪು ಒಂದು ಹೊರೆ ಕೊಡ್ತೀನಿ,” ಎಂದೆ. ನಾವು ಎಲೆಬಳ್ಳಿ ಹಬ್ಬಿಸುವುದು ಅಗಸೆ ಮರಕ್ಕೆ. ಅದರ ಸೊಪ್ಪೆಂದರೆ ಎತ್ತುಗಳು ಪ್ರಾಣ ಬಿಡುತ್ತವೆ.

“ಗಂಗಮ್ಮನ್ನ ಮಾರೋದಾ?” ಎಂದು ಗುರುಮಲ್ಲಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ.

“ಕೂಳೆಗೆ ಕುಡಿಸುದ್ರೆ ಗಂಗಮ್ಮಂಗೆ ಸಂತೋಸ್ವಾ ಗುರುಮಲ್ಲಣ್ಣ?”

ಜವರಪ್ಪ ತಲೆ ಕೆರೆದುಕೊಂಡ. “ಸೊಪ್ಪೇನೋ ಬೇಕು ಕಣಮ್ಮ. ಎತ್ತು ಕಟ್ದೆ ಇದ್ರೆ ಹಕ್ಕು ಹೊಂಟೋಯ್ತದಲ್ಲ.”

ಅಲ್ಲೇ ನನಗೆ ಹೊಳೆಯಿತು. “ಕಟ್ಟಬ್ಯಾಡ ಅಂದೋರ್ಯಾರು? ನಿನ್ ಎತ್ತು, ನಿನ್ ಹಗ್ಗ, ನೀನೇ ಹೊಡಿ. ನೀರು ಮಾತ್ರ ನನ್ ಕಾಲುವೆಗೆ ತಿರುಗ್ಸು. ಎತ್ತು ಯಾರದು ಅಂತ ಕೇಳವ್ರೆ ಹಿಂದಿನೋರು, ನೀರು ಯಾರ ಹೊಲಕ್ಕೋಯ್ತು ಅಂತಲ್ಲ.”

ಜವರಪ್ಪ ಆಗಲೇ ಸೊಪ್ಪಿನ ಹೊರೆ ಎಷ್ಟು ದಪ್ಪ ಎಂದು ಕೇಳತೊಡಗಿದ.

ಮಂಗಳವಾರ ಜವರಪ್ಪನ ಎತ್ತುಗಳು ಎಳೆದ ನೀರು ನನ್ನ ಬಳ್ಳಿಗಳ ಬುಡಕ್ಕೆ ಬಂತು. ಕೊಂಡ ನೀರಲ್ಲವೇ, ಪೋಲು ಮಾಡಲು ಮನಸ್ಸೆಲ್ಲಿ ಬರುತ್ತದೆ? ಮಣ್ಣು ನೆನೆದ ಕೂಡಲೇ ಎತ್ತು ಬಿಚ್ಚಿಸಿದೆ. ಮುಂದಿನ ಸೋಮವಾರ ನೋಡಿದರೆ, ಗಂಗಮ್ಮನ ಭಕ್ತ ಗುರುಮಲ್ಲಪ್ಪನೇ ತನ್ನ ಬದನೆಗಿಡಗಳಿಗೆ ಜವರಪ್ಪನ ಸರದಿ ಕೊಳ್ಳಲು ಹುರುಳಿ ಹೊತ್ತು ಬಂದು ಕಟ್ಟೆಯ ಮೇಲೆ ಕೂತಿದ್ದ. ನಾವಿಬ್ಬರೂ ಪೈಪೋಟಿಯ ಮೇಲೆ ಕೇಳುತ್ತಿದ್ದರೆ ಜವರಪ್ಪ ಮದುವೆಗಂಡಿನ ಹಾಗೆ ಮೀಸೆ ತಿರುವಿದ. ಕೂಳೆಗೆ ಹರಿಯುವುದು ನಿಂತ ಮೇಲೆ ಬಾವಿಯಲ್ಲಿ ದಿನದಿನಕ್ಕೂ ನೀರು ಮೇಲೇರಿತು.

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವಾಗ, ಗುರುಮಲ್ಲಪ್ಪ ತೋಟದ ಬೇಲಿಯ ಹತ್ತಿರ ಬಂದು ನಿಂತ. ನಾನು ಮಡಿಲು ತುಂಬ ಚಿಗುರೆಲೆ ಕೊಯ್ಯುತ್ತಿದ್ದೆ.

“ಬೀರಮ್ಮ, ಬದ್ನೆ ಕಿತ್ತಾಯ್ತು. ನಾಳೆ ನನ್ ಸರದಿ ತಗತೀಯಾ?”

“ಬ್ಯಾಡ ಕಣಣ್ಣ. ತೋಟ ತಣ್ಣಗೈತೆ. ಎತ್ತು ಕಟ್ಟಿ ಒಂದ್ಸಲ ಎಳ್ಸು, ಹಕ್ಕು ಉಳೀತದೆ. ಮಿಕ್ಕಿದ್ದು ಬಾವೀಲೇ ಇರ್ಲಿ ಬುಡು.”

ಅವನು ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಬಳ್ಳಿಯ ಬುಡದ ಮಣ್ಣು ಮುಟ್ಟಿ ನೋಡಿದ. ಸುಡುಬೇಸಿಗೆಯಲ್ಲಿ ನೀರು ಬೇಡವೆಂದಿದ್ದೆ ನಾನು, ಮತ್ತು ಅದು ನಿಜವಾಗಿಯೂ ಬೇಡವಾಗಿತ್ತು.