ಕೆಂಪು ದಾರದ ಬದನೆಕಾಯಿ

ಎಪ್ಪತ್ತೆಂಟರ ಚಳಿಗಾಲ. ಗುರುಲಿಂಗವ್ವನ ಪಡಸಾಲೆಯಲ್ಲಿ ಧಾರವಾಡದ ಜಲಾಲುದ್ದೀನ ಸರ್ ಊಟಕ್ಕೆ ಕೂತಿದ್ದರು. ಬದನೆಯ ಎಣಗಾಯಿಯನ್ನು ಎರಡನೇ ಸಲ ಹಾಕಿಸಿಕೊಂಡಾಗ ಆಕೆಯ ಜೀವ ತಣ್ಣಗಾಯಿತು.

ಮಗಳು ಬನಶಂಕರಿ ತೋಟಗಾರಿಕೆಯ ಎಂ.ಎಸ್ಸಿ. ಮಾಡುತ್ತಿದ್ದುದು ಇವರ ಕೈಕೆಳಗೆ. ಪರೀಕ್ಷೆಗಳು ಮುಗಿದಿದ್ದವು. ಇನ್ನು ಎರಡು ಹಂಗಾಮು ಬೆಳೆ ತೆಗೆದು ಪ್ರಬಂಧ ಬರೆಯಬೇಕು. ಮೊದಲ ಬೆಳೆ ನೋಡಿ ಸರ್ ಸರಿಯೆಂದರೆ ಫೆಲೋಶಿಪ್ ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಅದು ನಿಂತರೆ ಹಾಸ್ಟೆಲ್ಲೂ ಇಲ್ಲ ಎಂಬುದು ತಾಯಿಗೂ ಗೊತ್ತಿತ್ತು.

ಶಿವಯೋಗ ಮಂದಿರದ ಈಚೆ, ಹೊಳೆದಂಡೆಯ ತಮ್ಮ ಹೊಲದಲ್ಲೇ ಬನಶಂಕರಿ ಬದನೆ ಸಸಿ ಹಚ್ಚಿದ್ದಳು. ನಸುಕಿನಲ್ಲಿ ಹೋಗಿ ಒಂದು ಜಾತಿಯ ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವಳು. ಕಾಯಿ ಕಚ್ಚಿತೆಂದರೆ ತೊಟ್ಟಿಗೆ ಕೆಂಪು ದಾರ. ಆ ಕಾಯಿ ಗಿಡದಲ್ಲೇ ಹಣ್ಣಾಗಿ ಬೀಜ ಕೊಡಬೇಕು. ಆದರೆ ಧಾರವಾಡಕ್ಕೆ ಹೊರಡುವ ಗಡಿಬಿಡಿಯಲ್ಲಿ ತಾಯಿಗೆ ಹೇಳಿದ್ದು ಇಷ್ಟೇ: "ದಾರ ಕಟ್ಟಿದ್ದು ಯಾರೂ ಮುಟ್ಟಬ್ಯಾಡ್ರಿ. ಸರ್ ಬರೂತನಕಾ ಇರಬೇಕು."

ದೇವರಿಗೋ ಬೀಗರಿಗೋ ಎಂದು ಒಳ್ಳೆಯ ಕಾಯಿಗೆ ದಾರ ಕಟ್ಟಿ ಮೀಸಲು ಬಿಡುವುದನ್ನು ಗುರುಲಿಂಗವ್ವ ತವರಿನಲ್ಲಿ ನೋಡಿದ್ದಳು. ಮಗಳು ಸರ್‌ಗೆ ಮೀಸಲು ಬಿಟ್ಟಿದ್ದಾಳೆ ಅಂದುಕೊಂಡಳು. ಮೇಲೆ ನೆರೆಮನೆಯ ರಂಗವ್ವ ಬೇರೆ, "ಅಂಥಾ ಬದನಿಕಾಯಿ ಇಟಗೊಂಡು ಸಾಹೇಬರಿಗೆ ಬ್ಯಾಳಿ ನೀಡ್ತಿ ಏನ?" ಎಂದು ಚುಚ್ಚಿದ್ದಳು. ಸರ್ ಮತ್ತು ಮಗಳು ಬರುವ ದಿನ ಬೆಳಕು ಹರಿಯುತ್ತಲೇ ಕುಡಗೋಲು ಹಿಡಿದು ಹೋಗಿ ದಾರದ ಕಾಯಿಗಳನ್ನಷ್ಟೇ ಕೊಯ್ದಳು.

ಊಟವಾದ ಮೇಲೆ ಎಲ್ಲರೂ ಹೊಲಕ್ಕೆ ಹೋದರು. ಬನಶಂಕರಿ ಒಂದು ಗಿಡದ ಎಲೆ ಸರಿಸಿದಳು, ಇನ್ನೊಂದರದು ಸರಿಸಿದಳು. ಬರೀ ತೊಟ್ಟು. ತಿರುಗಿ ತಾಯಿಯ ಮುಖ ನೋಡಿದವಳಿಗೆ ಎಲ್ಲ ತಿಳಿಯಿತು.

"ದನ ಹೊಕ್ಕಿದ್ದುವು ಕಾಣಸ್ತೈತ್ರಿ ಸರ್," ಅಂದಳು ಬನಶಂಕರಿ.

ಸರ್ ಬಗ್ಗಿ ತೊಟ್ಟು ಮುಟ್ಟಿದರು. "ದನಾ ಕುಡಗೋಲು ಹಿಡಿಯೂದಿಲ್ಲವ್ವಾ. ಖರೆ ಹೇಳು, ನೀ ದಾರ ಕಟ್ಟಿದ್ದಾದ್ರೂ ಹೌದೋ, ಅದೂ ಸುಳ್ಳೋ?"

ಮಗಳು ತಲೆ ತಗ್ಗಿಸಿದಳು. ತನ್ನ ಸಲುವಾಗಿ ಆಕೆ ಕಳ್ಳಿಯ ಹಾಗೆ ನಿಂತಿದ್ದನ್ನು ಗುರುಲಿಂಗವ್ವನಿಂದ ನೋಡಲಾಗಲಿಲ್ಲ. ಮತ್ತೆ ಬೇಕಾದೀತೆಂದು ಸೆರಗಿನಲ್ಲಿ ಗಂಟು ಕಟ್ಟಿಟ್ಟಿದ್ದ ಕೆಂಪು ದಾರಗಳನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದಳು.

"ಆಕಿ ಕಟ್ಟಿದ್ದು ಖರೆ ಐತ್ರಿ. ಕೊಯ್ದಾಕಿ ನಾ. ನಿಮಗ ಮೀಸಲು ಬಿಟ್ಟಾಳ ಅಂತ ತಿಳದೆ. ಈಗ ಉಂಡ್ರಲ್ಲಾ, ಅವ ಕಾಯಿ ರೀ."

ಸರ್ ತಮ್ಮ ಬಲಗೈ ನೋಡಿಕೊಂಡರು.

"ಕಾಯಿ ನೋಡದ ನೋಡೇನಿ ಅಂತ ಬರಿಯಾಕ ಆಗೂದಿಲ್ಲವ್ವಾ. ಫೆಲೋಶಿಪ್ ನಿಲ್ತದ. ಮತ್ತೊಮ್ಮೆ ಹಚ್ಚಾಕ ಅವಕಾಶ ಕೇಳ್ತೇನಿ. ಅಷ್ಟ ನನ್ನ ಕೈಯಾಗ ಇರೂದು."

ಅವರನ್ನು ಬಾದಾಮಿ ಬಸ್ಸಿಗೆ ಹತ್ತಿಸಿ ಬಂದಾಗ ದೀಪ ಹಚ್ಚುವ ಹೊತ್ತು. ಗುರುಲಿಂಗವ್ವ ಉಳಿದ ಎಣಗಾಯಿಯನ್ನು ಎಮ್ಮೆಯ ಮುಸುರೆ ಬಾನಿಗೆ ಸುರಿಯಲು ಎತ್ತಿದ್ದಳು. ಬನಶಂಕರಿ ಗಡಿಗೆಗೆ ಕೈ ಅಡ್ಡ ಹಿಡಿದು ತಾಟು ಹಾಕಿಕೊಂಡು ಕೂತಳು.

"ನೀಡಬೇ ಯವ್ವಾ. ಬೀಜ ಅಂತೂ ಸಿಗಲಿಲ್ಲ, ರುಚಿ ಆದ್ರೂ ನೋಡತೇನಿ."

ಗುರುಲಿಂಗವ್ವ ನೀಡಿದಳು. ಮಗಳು ರೊಟ್ಟಿ ಮುರಿದು ಹಚ್ಚಿಕೊಂಡು, "ಉಪ್ಪು ಸಮಾ ಐತಿ" ಅಂದಳು. ತಾಯಿ ಮುಖ ಎತ್ತಲಿಲ್ಲ.