ಸಕ್ಕರೆ ತುಂಡಿನ ಮೇಲೆ ಇಪ್ಪತ್ತು ಹನಿ

ಸಕ್ಕರೆ ತುಂಡಿನ ಮೇಲೆ ನೊಣ ಕೂತಿದೆ, ಓಡಿಸಬೇಕು, ಓಡಿಸಲು ಕೈಯೇ ಏಳುತ್ತಿಲ್ಲ ಕಲೀಪಾಗೆ, ಹತ್ತು ಗಂಟೆಗೆ ಫೋನು ಮಾಡುತ್ತೇನೆ ಅಂದಿದ್ದಳು ರಾಜಧಾನಿ ಬಿಷ್ಕೆಕ್ಕಿನ ಡಾಕ್ಟರು ಹುಡುಗಿ, ದೊಡ್ಡ ಸರ್ಕಾರಿ ಆಸ್ಪತ್ರೆಯ ಹತ್ತು ಗಂಟೆ ಯಾವಾಗ ಆಗುತ್ತದೋ — ಇಪ್ಪತ್ತಾರು ವರ್ಷದಿಂದ ಈ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇವಳೊಬ್ಬಳೇ ನರ್ಸು, ಹೆರಿಗೆ ಮಾಡಿಸಿದ್ದಾಳೆ, ಹಲ್ಲು ಕಿತ್ತಿದ್ದಾಳೆ, ಒಮ್ಮೆ ಕುದುರೆಗೂ ಹೊಲಿಗೆ ಹಾಕಿದ್ದಾಳೆ, ಫೋನಿಗೆ ಹೀಗೆ ಹೆದರಿ ಕೂತದ್ದು ಮಾತ್ರ ಇದೇ ಮೊದಲು. ಎದುರಿಗೆ ಬುರುಲ್ ಅಪಾ, ಊರಿಗೆಲ್ಲ ಅಮ್ಮ, ಉಣ್ಣೆ ನೂಲುತ್ತ ಕೂತಿದ್ದಾಳೆ, ಸೊಸೆ ಜಿಪಾರ ಆ ಆಸ್ಪತ್ರೆ ಸೇರಿ ಒಂಬತ್ತು ದಿನವಾಯಿತು, ಮುದುಕಿಯ ನೂಲು ಒಂಬತ್ತು ಸಲ ತುಂಡಾಗಿದೆ — ಇದೇ ಮುದುಕಿ ಅಲ್ಲವೆ, ಉಣ್ಣೆ ಕತ್ತರಿಸೋ ದಿನಾನೇ ಇವಳ ಹೊಟ್ಟೆಗೆ ಹೆಂಗೆ ಗೊತ್ತಾಗುತ್ತೆ ಕಣೇ ಕಲೀಪಾ, ನಮ್ಮ ಕಾಲದಲ್ಲಿ ನಮಗೇನು ಹೊಟ್ಟೆ ಇರ್ಲಿಲ್ವಾ, ಎನ್ನುತ್ತಿದ್ದವಳು, ಎನ್ನುತ್ತಲೇ ಸೊಸೆಯನ್ನು ತೋಳಲ್ಲಿ ಹಿಡಿದು ತಂದು ಇದೇ ಮಂಚಕ್ಕೆ ಹಾಕುತ್ತಿದ್ದವಳು. ಎರಡು ವರ್ಷ, ಹನ್ನೊಂದು ಸಲ ಅದೇ ಹೊಟ್ಟೆನೋವು, ಜಿಲ್ಲಾ ಆಸ್ಪತ್ರೆಯಲ್ಲಿ ಕರುಳಿನ ತುದಿ ಕತ್ತರಿಸಿದರು, ಚೆನ್ನಾಗಿಯೇ ಇತ್ತಂತೆ, ಆಮೇಲೆ ನರ ಅಂದರು, ಆಮೇಲೆ ನಾಟಕ ಅಂದರು, ಮಂಚ ಹಿಡಿದು ನುಲಿಯುವ ಹುಡುಗಿಯನ್ನು ನೋಡಿ ನಾಟಕ ಅನ್ನಲು ಅವರಿಗೆ ಬಾಯಾದರೂ ಹೇಗೆ ಬಂತೋ. ಕಲೀಪಾ ಹಾಗನ್ನಲಿಲ್ಲ, ಪ್ರತಿ ಸಲವೂ ಕಪಾಟು ತೆಗೆದು ಹೃದಯದ ಹನಿಮದ್ದು ಇಳಿಸಿದಳು, ಯಾರ ಮನೆಯಲ್ಲಿಲ್ಲ ಅದು, ಜಗಳವಾದರೂ ಅದೇ, ಮದುವೆಯಾದರೂ ಅದೇ, ಚಮಚದಲ್ಲಿ ಸಕ್ಕರೆ ತುಂಡು, ಅದರ ಮೇಲೆ ಒಂದು, ಎರಡು, ಮೂರು, ಇಪ್ಪತ್ತರವರೆಗೆ, ಬಾಯಿ ತೆಗಿ ಕಂದಾ, ನುಂಗು, ಆಯ್ತು ಆಯ್ತು.

ನಗು ಬರುತ್ತದೆ, ಬರಬಾರದು, ಆದರೂ ಬರುತ್ತದೆ, ಆ ಬಾಟಲಿ ನೆನೆದರೆ — ಜಿಪಾರಳ ಮೂತ್ರವನ್ನು ಅಪಾ ಪಾನಕದ ಬಾಟಲಿಯಲ್ಲೇ ತಂದಳು, ನೀರಿನಷ್ಟು ತಿಳಿಯಾಗಿತ್ತು, ಪರೀಕ್ಷೆಗೆ ಒಯ್ಯುವ ಗಾಡಿ ಬರುವುದು ಗುರುವಾರ, ಚಹಾದ ಮೇಜಿನ ಮೇಲೆ ಇಡಲು ನಾಚಿಕೆ, ಕಲೀಪಾ ಕಿಟಕಿಯ ಪರದೆಯ ಹಿಂದೆ ಇಟ್ಟು ಮರೆತಳು. ಎರಡು ದಿನಕ್ಕೆ ಜಿಲ್ಲೆಯಿಂದ ತನಿಖೆಯವನು ಬಂದ, ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೆ, ರೊಟ್ಟಿ ಮುರಿದಿಟ್ಟಳು, ಪರದೆಯ ಹಿಂದೆ ಬಿಸಿಲಲ್ಲಿ ಕೆಂಪಗೆ ಹೊಳೆಯುತ್ತಿದೆ, ಅಯ್ಯೋ ಅಪಾ ಚೆರ್ರಿ ಪಾನಕ ಕಳಿಸಿದ್ದಾಳಲ್ಲ, ನಾಲ್ಕು ಬೆರಳಷ್ಟು ಲೋಟಕ್ಕೆ ಬಗ್ಗಿಸಿಯೂ ಆಯಿತು, ಬೇಡ ಎಜೆ, ಬೇಡ ಅಕ್ಕಾ, ನಂಗೆ ಶುಗರ್ ಇದೆ, ಅಂದ ಪುಣ್ಯಾತ್ಮ, ಅವನ ಶುಗರ್ ನೂರು ವರ್ಷ ಬಾಳಲಿ, ಆಗ ವಾಸನೆ ಮೂಗಿಗೆ ಬಡಿಯಿತು. ಲೋಟ ತೊಳೆದಳು, ಕೈ ತೊಳೆದಳು, ಮತ್ತೆ ಕೈ ತೊಳೆದಳು, ತಿಳಿಯಾಗಿದ್ದದ್ದು ಕೆಂಪಾದದ್ದು ಹೇಗೆ? ಹೊಸದಾಗಿ ತರಿಸಿ ಎರಡು ಬಾಟಲಿ ಮಾಡಿದಳು, ಒಂದು ಕಪಾಟಿನ ಕತ್ತಲಲ್ಲಿ, ಒಂದು ಕಿಟಕಿಯ ಬಿಸಿಲಲ್ಲಿ, ಬಿಸಿಲಿನದು ಮಾತ್ರ ಕೆಂಪಾಯಿತು. ಜಿಲ್ಲೆಯವರು, ಬೀಟ್‌ರೂಟ್ ತಿಂದಿರ್ತಾಳೆ ಬಿಡಿ, ಅಂದರು. ಬಿಡಲಿಲ್ಲ, ಫೋಟೊ ತೆಗೆದು ಬಿಷ್ಕೆಕ್ಕಿಗೆ ಕಳಿಸಿದಳು, ಯಾರಿಗೂ ಗೊತ್ತಾಗದ ಕಾಯಿಲೆಯವರನ್ನು ನೋಡುವ ವಿಭಾಗ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯಲ್ಲ, ಅಲ್ಲಿಗೆ, ಒಂದೇ ಗಂಟೆಯಲ್ಲಿ ಉತ್ತರ — ತಕ್ಷಣ ಕಳಿಸಿ.

ಫೋನು. ಎಜೆ, ಸಿಕ್ತು, ಪೋರ್ಫೀರಿಯ ಅಂತ ಕಾಯಿಲೆ, ಮೂತ್ರ ಬಿಸಿಲಿಗೆ ಕೆಂಪಾಗೋದು ಅದಕ್ಕೇ, ಹುಟ್ಟಿನಿಂದ ಬಂದದ್ದು, ನಾಟಕ ಅಲ್ಲ, ನರ ಅಲ್ಲ, ಮದ್ದಿದೆ, ಬದುಕಿಕೊಳ್ತಾಳೆ — ಬದುಕಿಕೊಳ್ತಾಳಂತೆ ಅಪಾ, ಅಂದಳು ಕಲೀಪಾ, ಅಪಾಳ ಕದಿರು ನೆಲಕ್ಕೆ ಬಿತ್ತು, ಕಲೀಪಾಳ ಎದೆಯಲ್ಲಿ ರೊಟ್ಟಿಯ ಹಂಚು ಕಾದಂತೆ ಸಂತೋಷ — ಉಪವಾಸ ಮಾತ್ರ ಕೂಡದು, ರಂಜಾನಿನಲ್ಲೂ ಕೂಡದು, ಅಂದಹಾಗೆ ಎಜೆ, ನೋವು ಬಂದಾಗ ನೀವೇನು ಕೊಡ್ತಿದ್ರಿ? ರಿಜಿಸ್ಟರಿನಲ್ಲಿ ಬರೆದಿಲ್ಲ, ಹನಿಮದ್ದನ್ನು ಯಾರು ಬರೆಯುತ್ತಾರೆ, ಬಿಸಿನೀರು ಅಂದುಬಿಟ್ಟರೆ ಮುಗಿಯಿತು, ಅಪಾ ಇವಳ ಬಾಯನ್ನೇ ನೋಡುತ್ತಿದ್ದಾಳೆ — ಹೃದಯದ ಹನಿ ಕಣಮ್ಮ, ಇಪ್ಪತ್ತು, ಸಕ್ಕರೆ ಮೇಲೆ, ನಾನೇ ಕೊಡ್ತಿದ್ದೆ. ಅದರಲ್ಲಿ ನಿದ್ದೆಮದ್ದು ಇರುತ್ತೆ ಎಜೆ, ಈ ಕಾಯಿಲೆಗೆ ಅದು ಉರಿಯೋ ಬೆಂಕಿಗೆ ತುಪ್ಪ, ಸಕ್ಕರೆ ಒಳ್ಳೇದೇ ಮಾಡಿರುತ್ತೆ, ಹನಿ ಅದನ್ನ ಕೆಡಿಸಿರುತ್ತೆ, ನಿಮಗೆ ಹೇಗೆ ಗೊತ್ತಾಗ್ಬೇಕು ಹೇಳಿ, ಆ ಬಾಟಲಿ ಬಿಸಿಲಲ್ಲಿ ಇಟ್ಟೋರೂ ನೀವೇ ತಾನೇ. ಆಮೇಲೆ ಜಿಪಾರಳದೇ ದನಿ, ಎಜೆ, ಇಲ್ಲಿ ನಾಲ್ಕು ಹೊತ್ತೂ ಜಾಮ್ ತಿನ್ನಿಸ್ತಾರೆ, ಅತ್ತೆಗೆ ಹೇಳಿ, ಮುಂದಿನ ಸಲ ಉಣ್ಣೆ ಕತ್ತರಿಸೋಕೆ ನಾನೇ ಮೊದಲು, ಆ ನಗು, ಎರಡು ವರ್ಷದಿಂದ ಕೇಳದ ನಗು, ಫೋನು ಇಟ್ಟಮೇಲೂ ಕೋಣೆಯಲ್ಲೇ ಇದೆ, ಅಪಾ ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಎದೆ ಹೊಡ್ಕೋತಿದೆ ಕಣೇ ಕಲೀಪಾ, ಖುಷಿಗೇ ಸತ್ತುಹೋಗ್ತೀನಿ, ಆ ಹನಿ ಇಷ್ಟು ಕೊಡು ನಂಗೆ — ಕೈ ತಾನಾಗಿ ಕಪಾಟಿಗೆ ಹೋಯಿತು, ಚಮಚ, ನೊಣ ಓಡಿಸಿದ ಸಕ್ಕರೆ ತುಂಡು, ಬಾಟಲಿ ಬಾಗಿತು, ಹೀಗೇ ಜಿಪಾರಳಿಗೆ ಹನ್ನೊಂದು ಸಲ, ಬಾಯಿ ತೆಗಿ ಕಂದಾ, ಅವಳು ಒಮ್ಮೆಯೂ ಬೇಡ ಅನ್ನಲಿಲ್ಲ, ಪ್ರತಿ ಸಲ ಬಾಯಿ ತೆಗೆದಳು, ಒಂದು ಎನ್ನಬೇಕು, ಒಂದು, ಬಾಯಿಗೆ ಬರುತ್ತಿಲ್ಲ, ಚಮಚದಲ್ಲಿ ಸಕ್ಕರೆ ತುಂಡು, ಬೆಳ್ಳಗೆ, ಹನಿ ಬೀಳದೆ ಒಣಗಿಯೇ ಇದೆ.