ಅಪ್‌ಡೇಟ್ ಮಾಡಬಾರದು

"ಕಂಪ್ಯೂಟರ್ ಆನ್ ಏನೋ ಆಗುತ್ತೆ. ಆದ್ರೆ ಯಂತ್ರದ ಗುರುತೇ ಹಿಡಿಯಲ್ಲ," ಎಂದ ಅಣ್ಣ, ಬಾಗಿಲಲ್ಲೇ ನಿಂತು.

ತಂಗಿ ಒಳಗೆ ಬಾ ಎನ್ನಲಿಲ್ಲ. ಅವನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಕೂತವಳು ಅವಳು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವ ಯಂತ್ರ, ಅದನ್ನು ನಡೆಸುವ ಮುದಿ ಕಂಪ್ಯೂಟರು, ಎರಡೂ ಅವಳ ಮಾತು ಮಾತ್ರ ಕೇಳುತ್ತಿದ್ದವು. ಆರು ತಿಂಗಳ ಹಿಂದೆ ಅಣ್ಣನ ಅಳಿಯ ಬಂದು ವ್ಯಾಪಾರಕ್ಕೆ ಕೂತ. "ಬಟನ್ ಒತ್ತೋಕೆ ಅತ್ತೆ ಯಾಕೆ ಬೇಕು, ಮಾವ?" ಎಂದ. ಅಣ್ಣ ಅವಳನ್ನು ಬಿಡಿಸಿ ಕುರ್ಚಿಯನ್ನು ಅವನಿಗೇ ಕೊಟ್ಟ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ. ಆ ಪುಣ್ಯಾತ್ಮ ಅವಳ ಡ್ರಾಯರನ್ನು ರಟ್ಟಿನ ಡಬ್ಬಕ್ಕೆ ಬೋರಲು ಹಾಕಿ, "ನಿಮ್ಮ ಕಸ ನೀವೇ ತಗೊಂಡೋಗಿ" ಎಂದು ಕೆಲಸದವರಿಬ್ಬರ ಎದುರೇ ಕೈಗಿಟ್ಟಿದ್ದ. ಕಂಪ್ಯೂಟರಿನ ನೆತ್ತಿಗೆ ಅವಳು ಅಂಟಿಸಿದ್ದ 'ಅಪ್‌ಡೇಟ್ ಮಾಡಬಾರದು' ಚೀಟಿಯನ್ನೂ ಅವತ್ತೇ ಕಿತ್ತೆಸೆದಿದ್ದ.

"ಅಪ್‌ಡೇಟ್ ಮಾಡಿ ಹೊಸ ಸಿಸ್ಟಮ್ ಹಾಕಿದ್ದು ಯಾರು?"

"ಅಳಿಯಂದ್ರು."

"ಹಾಗಾದ್ರೆ ಅಳಿಯದೇವರನ್ನೇ ಕೇಳು."

"ಯಂತ್ರ ಮಾಡಿದ ಕಂಪನಿನೇ ಮುಚ್ಚಿಹೋಗಿದೆಯಂತೆ. ಹಳೇ ಸಿ.ಡಿ. ಎಲ್ಲೂ ಸಿಗ್ತಿಲ್ಲ. ನಾಲ್ಕು ದಿನದಿಂದ ಜನ ಬಂದು ಬಾಯಿಗೆ ಬಂದಂಗೆ ಬೈದು ಹೋಗ್ತಿದ್ದಾರೆ ಕಣೇ."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಲಿ, ಚೆನ್ನಾಗಿ ಆಗಲಿ! ಸಿ.ಡಿ. ಎಲ್ಲಿಗೂ ಹೋಗಿರಲಿಲ್ಲ. ಅಳಿಯ ಕೊಟ್ಟ ಕಸದ ಡಬ್ಬದಲ್ಲೇ, ಅವಳ ಮಂಚದಡಿ ಇತ್ತು.

"ಬರ್ತೀನಿ. ಆದ್ರೆ ನನ್ನ ಕುರ್ಚಿ ನನಗೆ ವಾಪಸ್ ಬೇಕು."

"ಮೊದಲು ಸರಿಯಾಗ್ಲಿ. ಕುರ್ಚಿ ವಿಷಯ ಆಮೇಲೆ ನೋಡೋಣ."

ಅಣ್ಣನ 'ಆಮೇಲೆ' ಎಂದರೆ ಏನೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಡಬ್ಬದಿಂದ ಹಳೇ ಸಿಸ್ಟಮಿನದೊಂದು, ಯಂತ್ರದ್ದೊಂದು ಸಿ.ಡಿ. ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

ಅಂಗಡಿಯಲ್ಲಿ ಅಳಿಯ ಕುರ್ಚಿ ಬಿಟ್ಟೆದ್ದು ನಿಂತಿದ್ದ. ಅವಳು ಕೂತಳು, ಕೈಕಟ್ಟಿದಳು. ಕೆಲಸದವರಿಬ್ಬರೂ ಫ್ರೇಮು ಒರೆಸುವುದನ್ನು ನಿಲ್ಲಿಸಿದರು.

"ಅತ್ತೆ, ಸ್ವಲ್ಪ ನೋಡಿ…" ಎಂದು ಅವನು ಗೊಣಗಿದ.

"ಏನಂದೆ? ಕೇಳಿಸ್ಲಿಲ್ಲ."

"ತಪ್ಪಾಯ್ತು ಅತ್ತೆ. ದಯವಿಟ್ಟು ಸರಿಮಾಡ್ಕೊಡಿ."

"ಹಾಗೆ ಬಾ ದಾರಿಗೆ."

ಹೊಸ ಸಿಸ್ಟಮನ್ನು ಪೂರ್ತಿ ಅಳಿಸಿ, ಹಳೆಯದನ್ನು ಕೂರಿಸಿ, ಯಂತ್ರದ ಸಿ.ಡಿ. ಹಾಕುವಷ್ಟರಲ್ಲಿ ಮೂರು ತಾಸು ಕಳೆಯಿತು. ಅಷ್ಟೂ ಹೊತ್ತು ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ನೀರು ತರಿಸಿದಳು, ಸಾಕಷ್ಟು ತಣ್ಣಗಿಲ್ಲವೆಂದು ಇನ್ನೊಂದು ಲೋಟ ತರಿಸಿದಳು. ಕೊನೆಗೆ ಯಂತ್ರ ಗುಂಯ್ಯೆಂದು ಗಾಜು ಉಜ್ಜತೊಡಗಿದಾಗ ಅಣ್ಣ, "ಬದುಕಿದೆ!" ಎಂದು ಎದೆ ನೀವಿಕೊಂಡ. ಕುರ್ಚಿಯ ಮಾತು ಎತ್ತಲಿಲ್ಲ. ಇನ್ನೊಂದು ಗಳಿಗೆ ಕಾದು ನೋಡಿದಳು, ಊಹೂಂ.

ಅವಳು ಕೀಲಿಮಣೆಗೆ ಎಡಗೈ ಅಡ್ಡ ಹಿಡಿದು ಏನೋ ಒತ್ತಿದಳು. ಸಂಜೆ ಎಲ್ಲವನ್ನೂ ಆಫ್ ಮಾಡಿ, ಎರಡೂ ಸಿ.ಡಿ. ಚೀಲಕ್ಕೆ ಹಾಕಿಕೊಂಡು ಎದ್ದಳು.

"ಪಾಸ್‌ವರ್ಡ್ ಏನಿಟ್ರಿ, ಅತ್ತೆ?"

"ನಿಂಗ್ಯಾಕಪ್ಪಾ ತೊಂದ್ರೆ? ದಿನಾ ಬೆಳಿಗ್ಗೆ ನಾನೇ ಬಂದು ಹಾಕ್ತೀನಿ."

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅಣ್ಣ. ಅವನ ಹಿಂದೆ ಗಿರಾಕಿಗಳ ಗಲಾಟೆ ಕೇಳುತ್ತಿತ್ತು.

"ಎಲ್ಲಿದ್ದೀಯಮ್ಮಾ? ಎಲ್ಲಾ ಕಾಯ್ತಿದ್ದಾರೆ. ನಿನ್ನ ಕುರ್ಚಿ ಒರೆಸಿ ಇಟ್ಟಿದೀನಿ, ಬಾ."

"ದಾರೀಲೇ ಇದ್ದೀನಿ ಅಣ್ಣ," ಎಂದಳು.

ಫೋನನ್ನು ಕನ್ನಡಿಯ ಮುಂದಿಟ್ಟಳು. ಹೆಣೆದು ಮುಗಿಸಿದ್ದ ಜಡೆಯನ್ನು ನಿಧಾನವಾಗಿ ಬಿಚ್ಚಿ, ಬಾಚಣಿಗೆ ತೆಗೆದುಕೊಂಡು, ಮತ್ತೆ ಮೊದಲಿನಿಂದ ಬಾಚತೊಡಗಿದಳು.